ನೀರು ಸುರಿಯುವ ಸ್ಪ್ರೇ ಗೂಡು

ಚೆನ್ನಾಗಿ ಕೆಲಸ ಮಾಡುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವುದಕ್ಕೂ ಒಂದು ಸಂಸ್ಕಾರ ಬೇಕು. ನನಗೆ ಅದಿಲ್ಲ. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ, ಕೊಪ್ಪದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಮಣ್ಣಿನ ಕಪ್ಪು, ಬೋಗುಣಿ ಮಾಡತೊಡಗಿದೆ. ಶೆಡ್ಡು ಕಟ್ಟಿದ್ದೆವೇ ಹೊರತು ಕಾರು ಕೊಳ್ಳಲೇ ಇಲ್ಲ. ಹಾಗಾಗಿ ಯಾರ ಆಕ್ಷೇಪವೂ ಇರಲಿಲ್ಲ, ನಾನು ಗ್ಲೇಜ್ ಸ್ಪ್ರೇ ಮಾಡಲು ಶುರುಮಾಡುವವರೆಗೆ.

ಒಮ್ಮೆ ಸುಟ್ಟ ಪಾತ್ರೆಗೆ ಗಾಜಿನಂಥ ಹೊಳಪು ಕೊಡುವ ಲೇಪವೇ ಗ್ಲೇಜ್. ಅದನ್ನು ಸ್ಪ್ರೇ ಗನ್ನಿನಿಂದ ಸಿಂಪಡಿಸಿದರೆ ಅರ್ಧ ಪಾತ್ರೆಗೆ, ಅರ್ಧ ಲೋಕಕ್ಕೆ. ಅದಕ್ಕಾಗಿ ಬಿರುಕು ಬಿಟ್ಟ ನೀರಿನ ಟ್ಯಾಂಕನ್ನು ಅಡ್ಡ ಮಲಗಿಸಿ, ಮುಂಭಾಗ ಕೊಯ್ದು ಗೂಡು ಮಾಡಿಕೊಂಡಿದ್ದೆ. ಹಿಂದೊಂದು ಫ್ಯಾನು. ಫ್ಯಾನು ಎಳೆದದ್ದೆಲ್ಲ ಹೊರಗೆ ಹೋಗಿ ಹೆಂಡತಿ ವಾಸಂತಿ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಆ ಹುಡಿ ಶ್ವಾಸಕೋಶಕ್ಕೂ ಒಳ್ಳೆಯದಲ್ಲವೆಂದು ನಾನು ಮಾಸ್ಕ್ ಹಾಕುತ್ತಿದ್ದೆ. ಪಾಪ, ಸೀರೆಗಳು ಏನು ಹಾಕಿಕೊಳ್ಳಬೇಕು? ಒಂದೋ ಗೂಡು ಸುಧಾರಿಸಬೇಕು, ಇಲ್ಲಾ ಗೂಡು ಗುಜರಿಗೆ ಹೋಗಬೇಕು ಎಂದು ಅವಳು ಶಾಂತವಾಗಿಯೇ ಹೇಳಿದಳು. ಶಾಂತವಾಗಿ ಹೇಳಿದ್ದರಿಂದಲೇ ಹೆದರಿದೆ.

ಅದೇ ಹೊತ್ತಿಗೆ ಅಡ್ಡಗದ್ದೆಯ ರಾಧಕ್ಕ, ಹೊಸದಾಗಿ ಶುರುಮಾಡುವ ಹೋಂಸ್ಟೇಗೆಂದು ಒಂದೇ ಬಣ್ಣದ ಹಸಿರು ಕಪ್ಪುಗಳನ್ನು ಹೇಳಿಹೋಗಿದ್ದರು. ನನ್ನ ಮೊದಲ ದೊಡ್ಡ ಆರ್ಡರು. ಕಪ್ಪುಗಳನ್ನು ಮಾಡಿ ಒಮ್ಮೆ ಸುಟ್ಟೂ ಆಗಿತ್ತು. ಇನ್ನು ಗ್ಲೇಜೊಂದೇ ಬಾಕಿ. ಬುದ್ಧಿ ಇದ್ದವನು ಅದನ್ನು ಮುಗಿಸಿ ಗೂಡಿಗೆ ಕೈ ಹಾಕುತ್ತಿದ್ದ.

ನನ್ನ ತಲೆಯಲ್ಲಿ ಆಗಲೇ ನೀರು ಹರಿಯುತ್ತಿತ್ತು. ಗೂಡಿನ ಹಿಂಬದಿಗೆ ಒಂದು ತಗಡಿನ ಹಾಳೆ, ಮೇಲೊಂದು ತೂತು ಕೊರೆದ ಪೈಪು, ಹಾಳೆಯ ಮೇಲೆ ತೆಳ್ಳಗೆ ಇಳಿಯುವ ನೀರು, ಕೆಳಗೆ ತೊಟ್ಟಿ, ತೊಟ್ಟಿಯ ನೀರನ್ನು ಮತ್ತೆ ಮೇಲಕ್ಕೆ ತಳ್ಳಲು ಮೀನಿನ ತೊಟ್ಟಿಯ ಪಂಪು. ಹಾರುವ ಗ್ಲೇಜೆಲ್ಲ ನೀರಿಗೆ ಅಂಟಬೇಕು, ಬರಿ ಗಾಳಿ ಹೊರಗೆ ಹೋಗಬೇಕು. ಯೋಚಿಸಿ ಯೋಚಿಸಿ ನನಗೆ ಊಟ ರುಚಿಸದಾಯಿತು.

ಮೊದಲ ಪರೀಕ್ಷೆಯ ದಿನ ಫ್ಯಾನನ್ನು ತಿರುಗಾಮುರುಗಾ ಕೂರಿಸಿದ್ದೆ. ಗನ್ ಒತ್ತಿದೆ, ಗ್ಲೇಜ್ ಅಷ್ಟೂ ನನ್ನ ಮೇಲೆಯೇ ಬಂತು. ಸದ್ದು ಕೇಳಿ ಬಂದ ವಾಸಂತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ವೇಷ ಇದು? ಯಕ್ಷಗಾನದ ಆಟಕ್ಕೆ ಹೊರಟದ್ದಾ?" ಎಂದಳು.

ಫ್ಯಾನನ್ನು ಬಿಚ್ಚಿ ಸರಿಯಾಗಿ ಕೂರಿಸಿದ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಊದುಬತ್ತಿ ಹಚ್ಚಿ ಗೂಡಿನ ಬಾಯಿಗೆ ಹಿಡಿದೆ. ಹೊಗೆ ಬಳುಕಿ, ಬಗ್ಗಿ, ಸೀದಾ ಒಳಗೆ ಹೋಯಿತು. ಗನ್ ಒತ್ತಿದೆ, ತೊಟ್ಟಿಯ ನೀರು ಹಾಲಾಯಿತು, ಹೊರಗಿನ ಬಟ್ಟೆ ಬಟ್ಟೆಯಾಗಿಯೇ ಉಳಿಯಿತು. ಒಲೆಯ ಮೇಲೆ ಸಾರಿಟ್ಟಿದ್ದ ವಾಸಂತಿಯನ್ನು ಎಳೆದು ತಂದು ತೋರಿಸಿದೆ. ನರಸಿಂಹರಾಜಪುರದ ಗೆಳೆಯನಿಗೆ ಫೋನ್ ಹಚ್ಚಿ ಪಂಪಿನ ಸದ್ದು ಕೇಳಿಸಿದೆ. ಕಪ್ಪು ಹೇಗೆ ಬಂತು ಎಂದು ಅವನು ಕೇಳಿದಾಗ, ಎಂಥ ಅರಸಿಕನಪ್ಪಾ ಎನ್ನಿಸಿತು.

ಆಮೇಲೆ ನೀರು ಸ್ವಲ್ಪ ಹೆಚ್ಚು ಮಾಡಿದರೆ ಹೇಗೆ, ಗಾಳಿ ಕಡಿಮೆ ಮಾಡಿದರೆ ಹೇಗೆ ಎಂದು ದಿನಾ ಪರೀಕ್ಷೆ. ಪರೀಕ್ಷೆಗೆ ಏನಾದರೂ ಬೇಕಲ್ಲ, ಎದುರಿಗೆ ಕಪ್ಪುಗಳಿದ್ದವು. ಒಂದಕ್ಕೆ ಲೇಪ ತೆಳುವಾಯಿತು, ಇನ್ನೊಂದಕ್ಕೆ ದಪ್ಪವಾಯಿತು. ಸುಟ್ಟು ತೆಗೆದಾಗ ಒಂದು ಎಳೆಹಸಿರು, ಒಂದು ಪಾಚಿ, ಒಂದರಲ್ಲಿ ಗ್ಲೇಜ್ ಇಳಿದು ತಳದಲ್ಲಿ ಗಡ್ಡ ಬಿಟ್ಟಿತ್ತು.

ರಾಧಕ್ಕ ಬಂದು ಕಪ್ಪುಗಳನ್ನು ಸಾಲಾಗಿ ಇಟ್ಟು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಮಾತು ಮರೆಸಲು ನಾನು ಗೂಡು ಚಾಲೂ ಮಾಡಿ ಊದುಬತ್ತಿ ಹಿಡಿದೆ. ಅವರು ಹತ್ತಿರ ಬಂದು ಬಗ್ಗಿ ನೋಡಿದರು.

"ಮೇಷ್ಟ್ರೇ, ಇದು ಒಗ್ಗರಣೆ ಘಾಟನ್ನೂ ಎಳೀತದಾ?"

ಎಳೆಯದೆ ಏನು ಎಂದುಬಿಟ್ಟೆ.

"ಹಂಗಾರೆ ನಮ್ಮ ಅಡಿಗೆಮನೆಗೆ ಒಂದು ಮಾಡಿಕೊಡಿ. ಈ ಕಪ್ಪು ಮನೆಯವರಿಗೇ ಇರಲಿ. ಗೆಸ್ಟಿಗೆ ಪೇಟೆಯಿಂದ ತರ್ತೇನೆ."

ಹೋಂಸ್ಟೇ ಶುರುವಾದ ದಿನ ನಾನೂ ವಾಸಂತಿಯೂ ಊಟಕ್ಕೆ ಹೋಗಿದ್ದೆವು. ಒಳಗೆ ನಾನು ಮಾಡಿಕೊಟ್ಟ ಗೂಡಿನೆದುರು ಒಣಮೆಣಸಿನ ಒಗ್ಗರಣೆ ಚಟಪಟ ಎನ್ನುತ್ತಿತ್ತು, ಜಗಲಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ರಾಧಕ್ಕ ಅತಿಥಿಗಳಿಗೆ ನನ್ನನ್ನು ತೋರಿಸಿ, ಘಾಟು ಎಳೆಯುವ ಮೆಷಿನ್ ಮಾಡುವವರು ಇವರೇ ಎಂದರು. ನಾನು ಮೆಷಿನ್ನಿನವನಲ್ಲ, ಮಣ್ಣಿನ ಕಲಾವಿದ ಎಂದು ಹೇಳಲೇಬೇಕೆಂದು ಎದ್ದು ನಿಂತೆ. ಬಾಯಿಂದ ಬಂದದ್ದು ಮಾತ್ರ, "ಪೈಪಿಗೆ ಇನ್ನೆರಡು ತೂತು ಕೊರೆದರೆ ಇನ್ನೂ ಚೆನ್ನಾಗಿ ಎಳೀತದೆ" ಎಂಬ ಮಾತು. ವಾಸಂತಿ ನನ್ನ ಅಂಗಿ ಹಿಡಿದು ಕೂರಿಸಿದಳು.