ಸೊಂಟನೋವಿನ ರೆಂಡಾಂಗ್

ಬೆಳಿಗ್ಗೆ ಏಳೂಕಾಲಿಗೆ ತಿದ್ದಪ್ಪ ಛಾಪಖಾನೆಯ ಯಜಮಾನರಿಗೆ ಫೋನು ಮಾಡಿ, ಸೊಂಟ ಹಿಡಿದುಕೊಂಡಿದೆ, ಮಗ್ಗುಲು ಬದಲಿಸಲೂ ಆಗುತ್ತಿಲ್ಲ ಎಂದು ನರಳುವ ದನಿಯಲ್ಲಿ ಹೇಳಿದ. ಹಾಗೆ ಹೇಳುವಾಗ ಅವನು ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ನಾಲ್ಕನೆಯ ತೆಂಗಿನಕಾಯಿ ತುರಿಯುತ್ತಿದ್ದ.

ತಿದ್ದಪ್ಪ ಎಂಬುದು ಅವನ ಹೆಸರಲ್ಲ. ಇಪ್ಪತ್ತು ವರ್ಷ ಕರಡು ತಿದ್ದಿ ತಿದ್ದಿ ಸಂಪಾದಿಸಿದ ಬಿರುದು. ಎರಡು ವರ್ಷದ ಹಿಂದೆ ಆಗ್ನೇಯ ಏಷ್ಯಾದ ಅಡುಗೆಗಳ ಪುಸ್ತಕವೊಂದು ಅವನ ಮೇಜಿಗೆ ಬಂದಿತ್ತು. ಅದರ ಪುಟಪುಟದಲ್ಲೂ ‘ನಿಂಬೆಹುಲ್ಲು ಇಲ್ಲದಿದ್ದರೆ ನಿಂಬೆರಸ’, ‘ತೆಂಗಿನಹಾಲು ಇಲ್ಲದಿದ್ದರೆ ಬರೀ ಹಾಲು’ ಎಂದಿತ್ತು. ತಿದ್ದಪ್ಪನಿಗೆ ಮೈ ಉರಿಯಿತು. ‘ಕ’ ಇಲ್ಲದಿದ್ದರೆ ‘ಗ’ ಹಾಕಿ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಅಸಲು ರುಚಿ ಯಾವುದೆಂದು ತಿಳಿದೇ ಬಿಡುತ್ತೇನೆಂದು ಹೊರಟವನು, ಕೊನೆಗೆ ಸುಮಾತ್ರಾ ದ್ವೀಪದ ಒಬ್ಬ ಅಜ್ಜಿಯ ಶಿಷ್ಯನಾದ. ಅಜ್ಜಿ ಫೋನಿನಲ್ಲಿ ಕಲಿಸುವವಳು. ಅವಳ ಮಾತನ್ನು ಮೊಮ್ಮಗಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ದಾಟಿಸುವಳು. ಪ್ರತಿ ವರ್ಷ ಪರೀಕ್ಷೆಯಲ್ಲಿ ಗೆದ್ದ ಒಬ್ಬರೇ ಒಬ್ಬರಿಗೆ ಅಜ್ಜಿಯ ಮನೆಯಲ್ಲೇ ಒಂದು ತಿಂಗಳಿದ್ದು, ಅವಳ ಒಲೆಯ ಮುಂದೆಯೇ ಕಲಿಯುವ ಭಾಗ್ಯ.

ಇವತ್ತು ಆ ಪರೀಕ್ಷೆ. ಮಾಡಬೇಕಾದದ್ದು ರೆಂಡಾಂಗ್. ಅರೆದ ಮಸಾಲೆ, ತೆಂಗಿನಹಾಲು, ಮಾಂಸ ಬಾಣಲೆಗೆ ಹಾಕಿ, ಹಾಲು ಬತ್ತಿ ಎಣ್ಣೆ ಬಿಟ್ಟು, ಆ ಎಣ್ಣೆಯಲ್ಲೇ ಮಾಂಸ ಕಾಫಿಪುಡಿಯ ಬಣ್ಣಕ್ಕೆ ತಿರುಗುವ ತನಕ ಕೈಯಾಡಿಸುತ್ತಲೇ ಇರಬೇಕು. ಆರು ಗಂಟೆಯ ಕೆಲಸ. ಫೋನನ್ನು ಬಾಣಲೆಯ ಕಡೆ ಮುಖ ಮಾಡಿ ನಿಲ್ಲಿಸಿರಬೇಕು, ಅಜ್ಜಿ ತನ್ನ ಕೆಲಸದ ನಡುನಡುವೆ ಕಣ್ಣು ಹಾಯಿಸುತ್ತಾಳೆ. ತಳ ಹಿಡಿಯಿತೋ, ಅಲ್ಲಿಗೆ ಮುಗಿಯಿತು.

ಹೆಂಡತಿ ಹೆರಿಗೆ ವಾರ್ಡಿನ ನರ್ಸು, ಬೆಳಗಿನ ಪಾಳಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅತ್ತೆ ಮಾತ್ರ. ಮಗಳನ್ನು ನೋಡಿಹೋಗಲು ಬಂದವರು ಅಳಿಯನ ಈ ಹುಚ್ಚನ್ನು ವಾರದಿಂದ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ಅರ್ಧ ಗಂಟೆಯಲ್ಲಿ ಆಗುವ ಸಾರಿಗೆ ಆರು ಗಂಟೆ ನಿಲ್ಲುವ ಗಂಡಸನ್ನು ತಾನು ಕಂಡಿಲ್ಲವೆಂದು ಫೋನಿನಲ್ಲಿ ತಂಗಿಗೆ ಹೇಳಿಯೂ ಆಗಿತ್ತು.

ಹತ್ತು ಗಂಟೆಗೆ ಬಾಣಲೆ ಒಲೆಗೇರಿತು. ಹನ್ನೊಂದೂವರೆಗೆ ಕರೆಗಂಟೆ ಸದ್ದು ಮಾಡಿತು. ಅತ್ತೆ ಬಾಗಿಲ ಕಿಂಡಿಯಲ್ಲಿ ಇಣುಕಿ, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿರುಗಿ ಪಿಸುಗುಟ್ಟಿದರು. ‘‘ಅಳಿಯಂದ್ರೇ, ನಿಮ್ಮ ಯಜಮಾನ್ರು. ಕಂಕುಳಲ್ಲಿ ಕಾಗದದ ಕಟ್ಟು ಇದೆ. ಜೊತೆಗೆ ಕೆಳಗಿನ ಮನೆ ಕಾಂಪೌಂಡರ್ ತಾತನೂ ಇದಾರೆ.’’

ತಿದ್ದಪ್ಪನ ಜೀವ ಬಾಯಿಗೆ ಬಂತು. ಆದರೆ ಎರಡು ವರ್ಷದ ಆಸೆಯನ್ನು ಒಂದು ಕರೆಗಂಟೆಗೆ ಬಿಟ್ಟುಕೊಡುವವನಲ್ಲ ಅವನು. ಮೈಮೇಲಿದ್ದ ತುಂಬುತೋಳಿನ ಶರಟನ್ನು ಬಿಚ್ಚಿ ಅತ್ತೆಗೆ ತೊಡಿಸಿ, ಮಣಿಕಟ್ಟಿನ ಗುಂಡಿ ಹಾಕಿ, ಸೌಟನ್ನು ಅವರ ಕೈಗಿತ್ತ. ಫೋನಿನಲ್ಲಿ ಕಾಣುವುದು ಕೈ ಮಾತ್ರ. ಕೈ ನಿಲ್ಲಬಾರದು, ಮಾತಾಡಬಾರದು ಎಂದು ಕಿವಿಯಲ್ಲಿ ಹೇಳಿ, ಓಡಿಹೋಗಿ ಹಾಸಿಗೆಯ ಮೇಲೆ ಬೋರಲು ಬಿದ್ದು, ಬಾಗಿಲಿಗೆ ಚಿಲಕ ಹಾಕಿಲ್ಲ, ತಳ್ಳಿಕೊಂಡು ಬನ್ನಿ ಎಂದು ಕ್ಷೀಣವಾಗಿ ಕೂಗಿದ.

ಯಜಮಾನರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. ವೈದ್ಯರ ಸಮ್ಮೇಳನದ ಸ್ಮರಣ ಸಂಚಿಕೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು. ‘‘ಸೊಂಟ ತಾನೇ ಹಿಡ್ಕೊಂಡಿರೋದು ತಿದ್ದಪ್ಪ? ಕಣ್ಣು ನೆಟ್ಟಗಿದೆಯಲ್ಲ,’’ ಎಂದು ಕರಡಿನ ಕಟ್ಟನ್ನು ಅವನ ಮೂಗಿನ ಕೆಳಗೆ ಇಟ್ಟರು. ತಿದ್ದಪ್ಪ ತಲೆದಿಂಬಿನ ಮೇಲೆ ಗದ್ದವೂರಿ, ಮೂತ್ರಪಿಂಡದ ಕಲ್ಲುಗಳ ಕುರಿತ ಲೇಖನವನ್ನು ತಿದ್ದತೊಡಗಿದ. ಕಣ್ಣು ಕಾಗದದ ಮೇಲಿದ್ದರೂ ಕಿವಿ ಪೂರಾ ಅಡುಗೆಮನೆಯಲ್ಲಿತ್ತು. ಸೌಟಿನ ಸದ್ದು ಬಂದರೆ ಉಸಿರು ಬರುತ್ತಿತ್ತು, ಸದ್ದು ನಿಂತರೆ ಉಸಿರೂ ನಿಲ್ಲುತ್ತಿತ್ತು.

ಅಷ್ಟರಲ್ಲಿ ಘಮ ಕೋಣೆಗೆ ಬಂತು. ಕಾಂಪೌಂಡರ್ ತಾತ ಮೂಗರಳಿಸಿ, ಏನದು ಎಂದು ಕೇಳಿದರು. ಬಾಯಿಗೆ ಬಂದ ಮೊದಲ ಮಾತನ್ನೇ ತಿದ್ದಪ್ಪ ಹೇಳಿದ. ‘‘ತೈಲ ತಾತ. ಸೊಂಟಕ್ಕೆ. ಅತ್ತೆ ಕಾಯಿಸ್ತಾ ಇದಾರೆ.’’

ಕರಡಿನಲ್ಲಿ ಸಾವಿರ ತಪ್ಪು ಹಿಡಿದವನು ತನ್ನ ಬಾಯಿಂದ ಬಿದ್ದ ಈ ಒಂದು ತಪ್ಪನ್ನು ಹಿಡಿಯುವಷ್ಟರಲ್ಲಿ ತಾತ ಎದ್ದಾಗಿತ್ತು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಸವೆದ ಕೈ, ನೋವಿರುವ ಸೊಂಟ ಎದುರಿಗೆ ಬಿದ್ದಿರುವಾಗ ಸುಮ್ಮನಿದ್ದೀತೇ? ಅವರು ಅಡುಗೆಮನೆಗೆ ಹೋಗಿ, ಕನ್ನಡಕವಿಲ್ಲದ ಕಣ್ಣಿಗೆ ಮಾಂಸದ ತುಂಡುಗಳು ಬೇರುನಾರಿನಂತೆ ಕಂಡು, ಬಾಣಲೆಯ ಅಂಚಿನಲ್ಲಿ ಆಗತಾನೇ ತೇಲುತ್ತಿದ್ದ ಕೆಂಪೆಣ್ಣೆಯನ್ನು ತಟ್ಟೆಗೆ ಬಸಿದು, ಆರಿಸಿ, ಬಂದು, ಬನೀನು ಮೇಲೆತ್ತಿ ಎರಡೂ ಅಂಗೈಯಿಂದ ತಿಕ್ಕತೊಡಗಿದರು.

ಆ ಎಣ್ಣೆಯಲ್ಲಿ ಮೂವತ್ತೆರಡು ಒಣಮೆಣಸಿನಕಾಯಿಯ ಸಾರವಿತ್ತು. ಮೊದಲ ಅರ್ಧ ನಿಮಿಷ ತಿದ್ದಪ್ಪ ಹಲ್ಲು ಕಚ್ಚಿದ. ಮತ್ತರ್ಧ ನಿಮಿಷ ತಲೆದಿಂಬು ಕಚ್ಚಿದ. ಆಮೇಲೆ ಮಂಚದಿಂದ ಚಿಮ್ಮಿ, ಯಜಮಾನರ ಕಾಲು ದಾಟಿ, ಬಚ್ಚಲಿಗೆ ಓಡಿ, ಬಕೆಟ್ಟಿನ ನೀರನ್ನು ಬೆನ್ನಿಗೆ ಸುರಿದುಕೊಂಡ.

ಹೊರಬಂದಾಗ ತಾತ ತಮ್ಮ ಕೈಗಳನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿದ್ದರು. ಯಜಮಾನರು ಎದ್ದು ನಿಂತಿದ್ದರು. ಒಂದೇ ನಿಮಿಷದಲ್ಲಿ ಮನುಷ್ಯನನ್ನು ಓಡಿಸುವ ತೈಲ ತಾವು ಕಂಡಿಲ್ಲವೆಂದು ಹೊಗಳಿ, ತಮ್ಮ ಮಂಡಿಗೆ ಒಂದು ಸೀಸೆ ತೆಗೆದಿಡಲು ಹೇಳಿದರು. ಆಮೇಲೆ ಸಹಜವಾಗಿ ಸೇರಿಸಿದರು. ‘‘ವಾಸಿಯಾಯ್ತಲ್ಲ, ಇನ್ನೇನು. ನಡಿ ಪ್ರೆಸ್ಸಿಗೆ. ಇನ್ನೂ ಅರವತ್ತು ಪುಟ ಇದೆ.’’

ಇಂಗು ತಿಂದ ಮಂಗನಂತೆ ತಿದ್ದಪ್ಪ ಬೇರೊಂದು ಅಂಗಿ ತೊಟ್ಟು ಚಪ್ಪಲಿ ಮೆಟ್ಟಿದ. ಹೊರಡುವ ಮುನ್ನ, ನೀರು ಕುಡಿದು ಬರುತ್ತೇನೆಂದು ಅಡುಗೆಮನೆಗೆ ನುಗ್ಗಿ ಅತ್ತೆಯ ಮುಂದೆ ಕೈಮುಗಿದ. ಅತ್ತೆ ಬಾಣಲೆಯಿಂದ ಕಣ್ಣು ತೆಗೆಯದೆ, ಸನ್ನೆಯಲ್ಲೇ ಹೋಗಿ ಎಂದರು.

ಅರವತ್ತು ಪುಟಗಳನ್ನು ಅವನು ಹೇಗೆ ಮುಗಿಸಿದನೋ ದೇವರೇ ಬಲ್ಲ. ಬೆನ್ನು ಕುರ್ಚಿಗೆ ತಾಗಿದರೆ ಉರಿ, ಮುಂದೆ ಬಾಗಿದರೆ ಅಂಗಿ ತಾಗಿ ಉರಿ. ಆದರೂ ಪೆನ್ನು ನಿಲ್ಲಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಪುಟಕ್ಕೆ ಸಹಿ ಹಾಕಿ ಎದ್ದವನು, ಬಸ್ಸಿಗೂ ಕಾಯದೆ ಓಡಿ, ಮೂರು ಮಹಡಿಗಳ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಒಳಗೆ ಅತ್ತೆಯ ನಗು ಕೇಳಿಸುತ್ತಿತ್ತು. ಅವನ ಶರಟಿನಲ್ಲೇ ಸೌಟಾಡಿಸುತ್ತ, ಅವರು ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ಅಜ್ಜಿಯ ಜೊತೆ ಹರಟುತ್ತಿದ್ದರು. ಇವರದು ಇವರ ಭಾಷೆ, ಅವಳದು ಅವಳ ಭಾಷೆ. ಬಾಣಲೆಯಲ್ಲಿ ರೆಂಡಾಂಗ್ ಕಪ್ಪುಗೆಂಪಾಗಿ, ತುಣುಕು ತುಣುಕೂ ಬಿಡಿಬಿಡಿಯಾಗಿ ಹೊಳೆಯುತ್ತಿತ್ತು. ತಳ ಹಿಡಿದಿರಲಿಲ್ಲ. ತಿದ್ದಪ್ಪ ಒಂದು ಚೂರು ಬಾಯಿಗಿಟ್ಟುಕೊಂಡ. ಕಣ್ಣಲ್ಲಿ ನೀರು ಬಂತು. ಈ ಸಲ ಮೆಣಸಿನಕಾಯಿಯಿಂದಲ್ಲ.

ಅಜ್ಜಿ ಏನೋ ಹೇಳಿದಳು. ಪಾಸು ಎಂದು ಮೊಮ್ಮಗಳು ದಾಟಿಸಿದಳು. ತಿದ್ದಪ್ಪ ಫೋನಿಗೆ ತಲೆಬಾಗಿ, ಯಾವಾಗ ಹೊರಟುಬರಲಿ ಎಂದು ಕೇಳಿದ.

ಮೊಮ್ಮಗಳು ಅಜ್ಜಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಮಾತಾಡಿದಳು. ಆಮೇಲೆ ಸಂಕೋಚದಿಂದ ವಿವರಿಸಿದಳು. ಮೊದಲ ಒಂದೂವರೆ ಗಂಟೆ ಬಾಣಲೆಯಲ್ಲಿ ಆಡಿದ ಕೈ ಏನನ್ನೋ ಗೀಟೆಳೆದು ಹೊಡೆದುಹಾಕುವ ಕೈಯಂತಿತ್ತಂತೆ. ಅದನ್ನು ನೋಡಿ ಅಜ್ಜಿ ಫೇಲು ಮಾಡಲು ಹೊರಟಿದ್ದಳಂತೆ. ಆಮೇಲೆ ಬಂದ ಕೈ ಬೇರೆ. ಪಾಸಾದದ್ದು ಆ ಕೈ. ಬರಬೇಕಾದವರು, ಈ ದೊಡ್ಡ ಶರಟು ಹಾಕಿಕೊಂಡಿರುವ ಅಮ್ಮ.

ತಿದ್ದಪ್ಪ ಇದನ್ನು ಒಂದಕ್ಷರ ಬದಲಿಸದೆ ಅತ್ತೆಗೆ ಹೇಳಿದ. ಅತ್ತೆ ಒಲೆ ಆರಿಸಿ, ಮಣಿಕಟ್ಟಿನ ಗುಂಡಿ ಬಿಚ್ಚಿದರು. ಹೋಗಿಬರುತ್ತೇನೆ, ಒಂದು ತಿಂಗಳು ತಾನೇ, ಎಂದರು.

ತಿದ್ದಪ್ಪ ಸೋತು ಕೂರುವ ಜಾತಿಯಲ್ಲ. ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಬರುವ ವರ್ಷದ ಪರೀಕ್ಷೆಗೆ ಈಗಲೇ ತನ್ನ ಹೆಸರು ಬರೆದುಕೊಳ್ಳಬೇಕೆಂದು ಅಜ್ಜಿಯನ್ನು ಕೇಳಿದ. ಅಜ್ಜಿ ಖುಷಿಯಿಂದ ತಲೆಯಾಡಿಸಿದಳು. ತನಗೆ ವಯಸ್ಸಾಯಿತು, ಇಡೀ ದಿನ ಫೋನು ನೋಡಿ ಕಣ್ಣು ಸೋಲುತ್ತದೆ. ಮುಂದಿನ ವರ್ಷದಿಂದ ನಿಮ್ಮ ಕಡೆಯವರ ಪರೀಕ್ಷೆಯನ್ನೆಲ್ಲ ಈ ಅಮ್ಮನೇ ನೋಡಿಕೊಳ್ಳುತ್ತಾರೆ ಎಂದಳು.

ಅದನ್ನೂ ತಿದ್ದಪ್ಪನೇ ಅತ್ತೆಗೆ ತಿಳಿಸಬೇಕಾಯಿತು.

ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ‘‘ನಾಳೆ ಬೆಳಿಗ್ಗೆ ಐದೂವರೆಗೆ ಏಳಿ ಅಳಿಯಂದ್ರೇ,’’ ಎಂದರು. ‘‘ರೆಂಡಾಂಗು ಆಮೇಲೆ ನೋಡೋಣ. ಮೊದ್ಲು ಸೌಟು ಹಿಡಿಯೋದು ಕಲೀರಿ.’’