ಶಾಲು ಹೊದ್ದ ಲ್ಯಾಪ್‌ಟಾಪ್

ಬಹಳ ಹಿಂದೆ, ಅಂದರೆ ಬ್ಯಾಟರಿ ಬಂದ ಮೇಲೆ, ಬುದ್ಧಿ ಬರುವುದಕ್ಕೆ ಮುಂಚೆ, ಜಯಘೋಷಪುರವೆಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಚಂಡವಿಕ್ರಮರು ಆಳುತ್ತಿದ್ದರು. ಅವರನ್ನು ಪ್ರಧಾನಾಮಾತ್ಯ ವಿನಯಾಕರರು ಆಳುತ್ತಿದ್ದರು.

ಆ ರಾಜ್ಯದಲ್ಲಿ ಯಾರು ಏನು ಮಾಡಿದರೂ, ಮಾಡದಿದ್ದರೂ, ಶಾಲು ಹೊದಿಸಿ ಸನ್ಮಾನ ಮಾಡುವ ಪದ್ಧತಿಯಿತ್ತು. ಸೇತುವೆ ಕಟ್ಟಿದವನಿಗೆ ಒಂದು ಶಾಲು, ಅದು ಬಿದ್ದ ಮೇಲೆ ಹೋಗಿ ವೀಕ್ಷಿಸಿ ಬಂದವನಿಗೆ ಎರಡು.

ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಲ್ಯಾಪ್‌ಟಾಪ್. ಯಾರ್ಯಾರಿಗೆ ಪಡಿತರ ಅಕ್ಕಿ ಸಲ್ಲಬೇಕೆಂಬ ಪಟ್ಟಿ ಅದರೊಳಗಿತ್ತು. ಬ್ಯಾಕಪ್ ಇರಲಿಲ್ಲ, ನಕಲು ಇಟ್ಟುಕೊಳ್ಳುವುದೆಂದರೆ ಮಹಾರಾಜರ ಮೇಲೆ ಅಪನಂಬಿಕೆ ಎಂದು ಆಸ್ಥಾನ ತೀರ್ಮಾನಿಸಿತ್ತು. ಮಹಾರಾಜರು ಪ್ರಜಾದರ್ಶನಕ್ಕೆ ಹೊರಟಾಗಲೆಲ್ಲ ಅದನ್ನು ಮಖಮಲ್ಲಿನ ಬ್ಯಾಗಿಗೆ ತುರುಕಿ ಮಾಳಮ್ಮನೆಂಬ ಕೂಲಿ ಹೆಂಗಸಿನ ಬೆನ್ನಿಗೇರಿಸುತ್ತಿದ್ದರು. ಅವಳ ಮನೆಯ ಅಕ್ಕಿಯೂ ಅದೇ ಪಟ್ಟಿಯಲ್ಲಿತ್ತು.

ಒಂದು ದಿನ ಅವಳು ದಾರಿಯಲ್ಲೇ ನಿಂತುಬಿಟ್ಟಳು.

"ಬುದ್ಧೀ, ಬ್ಯಾಗು ಕಾದ ಹೆಂಚಾಗೈತೆ, ಬೆನ್ನು ಸುಡ್ತೈತೆ. ನನ್ನ ತಂಗಿ ಮಗಳು ರಿಪೇರಿ ಅಂಗಡೀಲಿ ಕೆಲ್ಸ ಮಾಡ್ತಾಳೆ. ಮುಚ್ಚಳ ಮುಚ್ಚಿಬಿಟ್ರೆ ಸಾಕಾಗಕ್ಕಿಲ್ವಂತೆ, ಒಳಗೊಳಗೇ ಓಡ್ತಿರ್ತೈತಂತೆ. ಪೂರ್ತಿ ಆಫ್ ಮಾಡಿ, ಆರೋಕೆ ಬಿಟ್ಟು, ಆಮೇಲೆ ಬ್ಯಾಗಿಗೆ ಇಡ್ಬೇಕಂತೆ."

ಆಸ್ಥಾನ ಬೆಚ್ಚಿಬಿತ್ತು. ಮಹಾರಾಜರು ಆಳುತ್ತಿರುವಾಗಲೇ ಮಹಾರಾಜರ ಲ್ಯಾಪ್‌ಟಾಪನ್ನು ಆಫ್ ಮಾಡುವುದೇ? ಸರ್ಕಾರ ಬಿತ್ತೆಂದು ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ.

"ಪ್ರಭು, ಇದು ಶಾಖವಲ್ಲ, ತಮ್ಮ ತೇಜಸ್ಸು," ಎಂದು ವಿನಯಾಕರರು ಕೈಮುಗಿದರು. "ಬ್ಯಾಗಿನೊಳಗಿದ್ದರೂ ತಮ್ಮ ಆಡಳಿತ ಒಂದು ಗಳಿಗೆಯೂ ವಿಶ್ರಮಿಸುತ್ತಿಲ್ಲ."

"ನಮಗೂ ಹಾಗೇ ಅನ್ನಿಸಿತ್ತು," ಎಂದರು ಮಹಾರಾಜರು. ಅವರಿಗೆ ಅದುವರೆಗೆ ಏನೂ ಅನ್ನಿಸಿರಲಿಲ್ಲ.

ಕೂಡಲೇ ರಾಜಾಜ್ಞೆ ಹೊರಟಿತು. ಲ್ಯಾಪ್‌ಟಾಪ್ ಆಫ್ ಮಾಡುವುದು ರಾಜದ್ರೋಹ. ಶಾಖನಿವಾರಣೆಗೆ ನಲವತ್ತು ಬೀಸಣಿಗೆಯವರ ಟಾಸ್ಕ್ ಫೋರ್ಸ್. ಅವರು ನಿಷ್ಠೆಯಿಂದಲೇ ಬೀಸಿದರು, ಆದರೆ ರೂಢಿಬಲದಿಂದ ಅಮಾತ್ಯರ ಕಡೆಗೆ ಬೀಸಿದರು. ಅಮಾತ್ಯರಿಗೆ ಹಾಯೆನಿಸಿದ್ದರಿಂದ ಯೋಜನೆ ಯಶಸ್ವಿಯಾಗಿದೆಯೆಂದು ವರದಿಯಾಯಿತು.

ಬಿಡುವಿಲ್ಲದೆ ದುಡಿಯುವ ಯಂತ್ರಕ್ಕೆ ಸನ್ಮಾನ ಮಾಡದಿದ್ದರೆ ಹೇಗೆ? ವೇದಿಕೆ ಸಿದ್ಧವಾಯಿತು. ಬ್ಯಾಗು ಹೊತ್ತ ಮಾಳಮ್ಮನನ್ನು ನಡುವೆ ನಿಲ್ಲಿಸಿದರು. ಸೇನಾಪತಿಗಳು ಬ್ಯಾಗಿಗೊಂದು ಶಾಲು ಹೊದಿಸಿದರು, ಅದರ ಮೇಲೆ ರಾಜಗುರುಗಳು ಇನ್ನೊಂದು, ಅದರ ಮೇಲೆ ಇಪ್ಪತ್ತೆರಡು ಮಂತ್ರಿಗಳು ಇಪ್ಪತ್ತೆರಡು. ತುದಿಯಲ್ಲಿ ಜರಿಪೇಟ ಇಟ್ಟರು.

"ಬುದ್ಧೀ, ಅದ್ಕೆ ಗಾಳಿ ಬೇಕು," ಎಂದಳು ಮಾಳಮ್ಮ ಶಾಲುಗಳ ಅಡಿಯಿಂದ.

"ಸನ್ಮಾನದ ನಡುವೆ ಮಾತಾಡಬಾರದಮ್ಮ. ವಂದನಾರ್ಪಣೆ ಮುಗಿಯಲಿ," ಎಂದರು ಅಮಾತ್ಯರು.

ವಂದನಾರ್ಪಣೆ ಮುಕ್ಕಾಲು ಗಂಟೆ ನಡೆಯಿತು. ಅರ್ಧದಲ್ಲೇ ಹೊಗೆ ಎದ್ದಿತು. ಧೂಪವೆಂದು ತಿಳಿದು ಸಭೆ ಎದ್ದು ನಿಂತು ಕೈಮುಗಿಯಿತು. ಮಾಳಮ್ಮ ಬ್ಯಾಗನ್ನು ಕೆಳಗೆ ಹಾಕಿ ಬಿಚ್ಚುವಷ್ಟರಲ್ಲಿ ಒಳಗೆಲ್ಲ ಕರಕಲಾಗಿತ್ತು. ಅವಳು ತಲೆಯ ಮೇಲೆ ಕೈಹೊತ್ತು ಕೂತಳು. "ಅಕ್ಕಿ ಹೋಯ್ತಲ್ಲಪ್ಪ," ಎಂದಷ್ಟೇ ಅಂದಳು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ತನಿಖೆ ಕಾಲು ಗಂಟೆಯಲ್ಲಿ ಮುಗಿಯಿತು. ಯಂತ್ರವು ಕರ್ತವ್ಯದಲ್ಲಿರುವಾಗಲೇ ದೇಹತ್ಯಾಗ ಮಾಡಿತೆಂದು ಸಾರಿ ಅದಕ್ಕೆ 'ಸೇವಾಧುರಂಧರ' ಬಿರುದನ್ನೂ, ಅಮಾತ್ಯರಿಗೆ ಹೊಸದಾಗಿ ತೇಜಸ್ಸು ಖಾತೆಯನ್ನೂ ಕೊಟ್ಟರು. ಮರುವಾರ ಹೊಸ ಲ್ಯಾಪ್‌ಟಾಪ್ ಬಂತು. ಬಂದ ಕೂಡಲೇ ಆನ್ ಮಾಡಿ ಬ್ಯಾಗಿಗೆ ತುರುಕಿದರು.

ಪಟ್ಟಿ ಮತ್ತೆ ಮೊದಲಿಂದ ಆಗಬೇಕಿತ್ತು. ಅಕ್ಕಿ ಬೇಕಾದವರು ಅರ್ಜಿಯ ಜೊತೆಗೆ ಹೊಸ ಲ್ಯಾಪ್‌ಟಾಪಿನ ಸನ್ಮಾನಕ್ಕೆ ಮನೆಗೊಂದು ಶಾಲು ತರತಕ್ಕದ್ದೆಂದು ಡಂಗುರ ಸಾರಿದರು. ಮಾರ್ಗಶಿರದ ಚಳಿ ಆಗಲೇ ಹಿಡಿದಿತ್ತು. ಸರದಿ ಬಂದಾಗ ಗುಮಾಸ್ತ ಮಾಳಮ್ಮನ ಬರಿಗೈ ನೋಡಿದ.

"ಶಾಲು ಎಲ್ಲಿ ತಾಯಿ?"

"ಶಾಲು ಎಲ್ಲಿಂದ ತರ್ಲಿ ಸ್ವಾಮಿ? ಇರೋದೊಂದು ಕಂಬಳಿ. ಮೂರು ಜನ ಅದನ್ನೇ ಹೊದ್ಕೋತೀವಿ."

"ಕಂಬಳಿನೂ ನಡೆಯುತ್ತೆ. ಮಹಾರಾಜರು ಧಾರಾಳಿಗಳು."

ಅವಳು ಮನೆಗೆ ಹೋಗಿ ಕಂಬಳಿ ತಂದುಕೊಟ್ಟಳು. ಅವಳ ಹಿಂದಿದ್ದವರೂ ತಮ್ಮ ತಮ್ಮ ಮನೆಗೆ ಹೋಗಿ ತಂದರು. ಆ ಚಳಿಗಾಲದಲ್ಲಿ ಜಯಘೋಷಪುರದ ಬಡವರ ಕೇರಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬೆಚ್ಚಗಿದ್ದದ್ದು ಲ್ಯಾಪ್‌ಟಾಪ್ ಒಂದೇ.