ಮೂರು ಮನೆಯ ಸಾಕ್ಷಿ

ತನಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನೂ ಮೂರು ಮನೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ಮನುಷ್ಯ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ! ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚೇ? ಖಂಡಿತ. ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಪೀಣ್ಯದಲ್ಲಿ ಲೇತ್ ಮಿಷನ್ ಹಿಡಿದವನು ನಾನು. ರಾಜಗೋಪಾಲನಗರದಲ್ಲಿ ಸ್ವಂತ ದುಡಿಮೆಯಿಂದ ಮನೆ ಕಟ್ಟಿದವನು. ಆದರೂ ಅತ್ತೆಯ ಬಾಯಲ್ಲಿ ಸದಾ ಈ ವೈಟ್‌ಫೀಲ್ಡ್ ಅಳಿಯನ ಗುಣಗಾನ. ನಾನೇನು ಬಾಡಿಗೆಗೆ ತಂದ ಅಳಿಯನೇ?

ಅವನ ಕೆಲಸವೇನೆಂದು ಒಮ್ಮೆ ಕೇಳಿದೆ.

“ಸಿಂಪಲ್ ಅಣ್ಣ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ಅದರ ಕಾಪೀನ ಬೇರೆ ಬೇರೆ ಊರಿನ ಮೂರು ಕಂಪ್ಯೂಟರಲ್ಲಿ ಇಡ್ತೀವಿ. ಒಂದು ಕೆಟ್ಟೋದ್ರೂ ಮಿಕ್ಕಿದ್ದು ಹೇಳುತ್ತೆ. ಜಗಳ ಬಂದ್ರೆ ಎರಡು ಒಪ್ಪಿದ್ದೇ ಸರಿ.”

“ಅಷ್ಟಕ್ಕೆ ಎಸಿ ರೂಮೇನಯ್ಯಾ!”

ಈ ಪದ್ಧತಿಯನ್ನು ಆಫೀಸಿನಲ್ಲೇ ಬಿಟ್ಟಿದ್ದರೆ ಸರಿ, ಮನೆಗೂ ತಂದ! ಮಾಕಳಿಯ ಅತ್ತೆ ಮನೆ, ಅವನ ಮನೆ, ನನ್ನ ಮನೆ ಮೂರು ಕಂಪ್ಯೂಟರುಗಳಾದವು. ಅತ್ತೆಯ ಬಿಪಿ ಮಾತ್ರೆ ಯಾವುದು, ಗ್ಯಾಸ್ ತರುವ ಹುಡುಗ ಯಾರು, ಎಲ್ಲವೂ ಎಲ್ಲರಿಗೂ ಬಾಯಿಪಾಠ. ಭಾನುವಾರ ಫೋನಿನಲ್ಲಿ ಪರೀಕ್ಷೆ!

ಒಮ್ಮೆ ಹಬ್ಬಕ್ಕೆ ಅತ್ತೆಗಿಷ್ಟದ ಸಿಹಿ ಯಾವುದೆಂಬ ಪ್ರಶ್ನೆ. ನನ್ನ ಮನೆ, ಅವನ ಮನೆ ಎರಡೂ ಮೈಸೂರು ಪಾಕ್ ಎಂದವು.

“ನಂಗೆ ಕಜ್ಜಾಯ ಕಣಪ್ಪಾ,” ಎಂದರು ಅತ್ತೆ.

“ಇಲ್ಲ ಅತ್ತೆ, ಎರಡು ಮನೆ ಬೇರೆ ಹೇಳ್ತಿವೆ. ನಿಮ್ಮ ಕಾಪೀನೇ ಹಳೇದು!” ಎಂದ ಷಡ್ಡಕ.

ಪಾಪ, ಅತ್ತೆ ಮೈಸೂರು ಪಾಕ್ ತಿಂದರು. ನಗುತ್ತಾ ತಿಂದರು! ಅದೇ ನಾನು ಹಾಗೆಂದಿದ್ದರೆ ಯುಗಾದಿಯಿಂದ ಯುಗಾದಿಯವರೆಗೆ ಮಾತು ಬಿಡುತ್ತಿದ್ದರು.

ಮೊನ್ನೆ ನಮ್ಮ ಮನೆಗೇ ಬಂದು ಕೂತು ಪರೀಕ್ಷೆ ಶುರು ಮಾಡಿದ. “ಅತ್ತೆಗೆ ಹುಷಾರು ತಪ್ಪಿದ್ರೆ ಮೊದಲು ಯಾರಿಗೆ ಫೋನ್ ಮಾಡ್ಬೇಕು? ಹೇಳಿ ಅಣ್ಣ.”

ನನಗೆ ಮೈ ಉರಿಯಿತು. “ಇನ್ಯಾರಿಗೆ? ವೈಟ್‌ಫೀಲ್ಡ್ ಸಾಹೇಬ್ರಿಗೆ!”

ಅವನು ತನ್ನ ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. “ಪೀಣ್ಯದ ಭಾವಂಗೆ,” ಎಂದಳು ಅವಳು.

ಆಮೇಲೆ ಅತ್ತೆಗೆ.

“ದೊಡ್ಡ ಅಳಿಯಂದ್ರಿಗೆ ಕಣಪ್ಪಾ. ನೀನು ಮೀಟಿಂಗ್ ಅಂತೀಯ. ಅವ್ರು ಮಿಷನ್ ನಿಲ್ಲಿಸಿ ಓಡಿ ಬರ್ತಾರೆ.”

ನಾನು ಗೋಡೆಯ ಕಡೆ ತಿರುಗಿ ಕೆಮ್ಮಿದೆ.

“ನೀವೊಬ್ರೇ ಅಣ್ಣ ತಪ್ಪು ಹೇಳಿದ್ದು,” ಎಂದ ಷಡ್ಡಕ. ಫೋನ್ ಜೇಬಿಗಿಟ್ಟು, “ನಿಜ ಹೇಳ್ಲಾ? ನಂಗೂ ಹೊಟ್ಟೆ ಉರೀತು,” ಎಂದ.

“ಕೂತ್ಕೊಳಯ್ಯಾ, ಊಟ ಮಾಡ್ಕೊಂಡು ಹೋಗು,” ಎಂದು ಒಳಗೆ ಹೋಗಿ, ಅವನ ತಟ್ಟೆಗೆ ಬಿಸಿ ಮುದ್ದೆ ನಾನೇ ಹಾಕಿದೆ.